ಆಫೀಸಿಗೂ ಸಂಜೆಗೂ ಹೊಂದುವ ಒಂದೇ ವೆಟಿವರ್ ಪರ್ಫ್ಯೂಮ್ ಯಾವುದು?

ಘಮಘಮ: ಸಿಹಿ ವಾಸನೆಯ ಪರ್ಫ್ಯೂಮ್‌ಗಳು ಸಾಕಾಗಿ ಹೋಗಿವೆ. ಮರದ ಘಮ, ಜೊತೆಗೆ ಲಾವಂಚದ (ಅದೇ ವೆಟಿವರ್) ಬೇರಿನ ಒಣ ವಾಸನೆ ಇರುವಂಥದ್ದು ಬೇಕು. ಒಂದೇ ಬಾಟಲಿ, ಆಫೀಸಿಗೂ ಆಗಬೇಕು, ಸಂಜೆಗೂ ಆಗಬೇಕು. ಗೆರ್ಲಾನ್ ವೆಟಿವರ್, ಲಾಲಿಕ್ ಆಂಕ್ರ್ ನುವಾರ್, ಟೆರ್ ದೆರ್ಮೆಸ್, ಈ ಮೂರರಲ್ಲಿ ಯಾವುದು? ಪಕ್ಕದಲ್ಲಿ ಕೂತವರು ಮೂಗು ಮುರಿಯಬಾರದು ಅಷ್ಟೇ.

ಬೇರುಬಿಟ್ಟವ: ಕಣ್ಣು ಮುಚ್ಚಿ ಗೆರ್ಲಾನ್ ತಗೊಳ್ಳಿ. 1959ರದ್ದು, ಇವತ್ತಿಗೂ ಹಳತು ಅನಿಸುವುದಿಲ್ಲ. ಹಚ್ಚಿದ ತಕ್ಷಣ ನಿಂಬೆ ಜಾತಿಯ ಹಣ್ಣುಗಳ ಚುರುಕು, ಆಮೇಲೆ ಜಾಯಿಕಾಯಿ, ಮೆಣಸು, ಕೊನೆಗೆ ಸ್ವಲ್ಪ ತಂಬಾಕಿನ ಜೊತೆ ಬೇರಿನ ಘಮ ನಿಲ್ಲುತ್ತದೆ. ಆಂಕ್ರ್ ನುವಾರ್ ಚೆನ್ನಾಗಿಲ್ಲ ಅಂತಲ್ಲ, ನನಗೆ ತುಂಬಾ ಇಷ್ಟ. ಆದರೆ ಅದು ಕತ್ತಲೆ ಕಾಡು, ಸೈಪ್ರಸ್ ಮರ ಮತ್ತು ಒದ್ದೆ ಮಣ್ಣು. ಬೆಳಗ್ಗೆ ಮೀಟಿಂಗ್‌ಗೆ ಹಾಕಿಕೊಂಡು ಹೋಗುವಂಥದ್ದಲ್ಲ.

ಒಣಮರ: ಟೆರ್ ದೆರ್ಮೆಸ್ ಪಟ್ಟಿಯಲ್ಲಿ ಯಾಕಿದೆ? ಅದರಲ್ಲಿ ಕಿತ್ತಳೆ, ಸೀಡರ್, ಬೆಣಚುಕಲ್ಲಿನಂಥ ಖನಿಜ ವಾಸನೆಯೇ ಜಾಸ್ತಿ, ಲಾವಂಚ ಹಿಂದೆ ನಿಂತಿರುತ್ತದೆ. ಎಲ್ಲಾ ಕಡೆ ಹೊಂದುತ್ತದೆ ನಿಜ, ಆದರೆ ಕೇಳಿದ್ದು ವೆಟಿವರ್ ಅಲ್ವಾ? ನನ್ನ ಆಯ್ಕೆ 2009ರ ಟಾಮ್ ಫೋರ್ಡ್ ಗ್ರೇ ವೆಟಿವರ್. ಇಸ್ತ್ರಿ ಹಾಕಿದ ಬಿಳಿ ಶರ್ಟಿನ ಹಾಗೆ ಚೊಕ್ಕ. ಕೆಲವರಿಗೆ ಸೋಪಿನ ವಾಸನೆ ಅನಿಸಬಹುದು, ನನಗಂತೂ ಹಾಗನಿಸಿಲ್ಲ.

ಘಮಘಮ: ಎಲ್ಲವೂ ವೆಟಿವರೇ ಆಗಿದ್ದರೂ ಒಂದು ಚೊಕ್ಕ, ಇನ್ನೊಂದು ಹೊಗೆ ಹೊಗೆ, ಇಷ್ಟು ವ್ಯತ್ಯಾಸ ಯಾಕೆ?

ಅತ್ತರುಗಾರ: ಬೇರು ಬೆಳೆದ ಜಾಗವೂ ಒಂದು ಕಾರಣ. ಹೈಟಿಯ ಎಣ್ಣೆ ಸಾಮಾನ್ಯವಾಗಿ ತಿಳಿ, ಸ್ವಲ್ಪ ಹಸಿರು. ಜಾವಾದ್ದು ಹೊಗೆಯಾಡಿದ ಹಾಗೆ, ಘಾಟು ಜಾಸ್ತಿ. ಜೊತೆಗೆ ಏನು ಬೆರೆಸಿದ್ದಾರೆ ಅನ್ನುವುದರ ಮೇಲೂ ಹೋಗುತ್ತದೆ. ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಕಿತ್ತಳೆ ಜಾತಿಯ ಕಹಿ ಹಣ್ಣು) ಸೇರಿಸಿದರೆ ಲಾವಂಚ ಹಗುರಾಗುತ್ತದೆ, ಎರಡರಲ್ಲೂ ಒಂದೇ ಥರದ ಕಹಿ ಇರುವುದರಿಂದ ಚೆನ್ನಾಗಿ ಹೊಂದಿಕೊಳ್ಳುತ್ತವೆ ಕೂಡ.

ಒಂದು ಮಾತು, ಅಂಗಡಿಯಲ್ಲಿ ಕಾಗದದ ಪಟ್ಟಿ ಮೂಸಿ ಅಲ್ಲೇ ದುಡ್ಡು ಕೊಡಬೇಡಿ. ಲಾವಂಚದ ಎಣ್ಣೆ ಭಾರ, ನಿಧಾನಕ್ಕೆ ಆರುತ್ತದೆ, ಹಾಗಾಗಿ ಮೊದಲು ಮೂಗಿಗೆ ಹೊಡೆಯುವುದು ನಿಂಬೆ, ಕಿತ್ತಳೆಯ ವಾಸನೆಯೇ. ಅದು ಬೇಗ ಹಾರಿಹೋಗುತ್ತದೆ. ಮಣಿಕಟ್ಟಿಗೆ ಹಾಕಿಸಿಕೊಂಡು, ಉಜ್ಜದೆ, ಒಂದೆರಡು ಗಂಟೆ ಸುತ್ತಾಡಿ ಬಂದು ಮೂಸಿ ನೋಡಿ.

ಬೇರುಬಿಟ್ಟವ: ಆಫೀಸಿಗೆ ಎರಡು ಸ್ಪ್ರೇ ಸಾಕು, ಅಂಗಿಯ ಒಳಗೆ ಎದೆಗೆ. ಸಂಜೆಗೆ ಕುತ್ತಿಗೆಗೆ ಇನ್ನೊಂದು. ಬಟ್ಟೆಗೆ ಬಿದ್ದರೆ ಒಗೆಯುವವರೆಗೂ ಬಿಡುವುದಿಲ್ಲ, ಅದಕ್ಕೇ ಕೋಟಿಗೆ ಹೊಡೆಯಬೇಡಿ.

ಘಮಘಮ: ಸರಿ, ಗೆರ್ಲಾನ್ ಒಂದು ಕೈಗೆ, ಗ್ರೇ ಇನ್ನೊಂದು ಕೈಗೆ ಹಾಕಿ ನೋಡುತ್ತೇನೆ. ಆಂಕ್ರ್ ನುವಾರ್ ಸದ್ಯಕ್ಕೆ ಬೇಡ.