ಅಪ್‌ಡೇಟ್: ಚಿನ್ನ, ವಾಚಿನ ಅಂಗಡಿಗೆ ಲೈಟು ಹಾಕಿಸಿಯಾಯ್ತು

ಮೈಸೂರಿನ ನಮ್ಮ ಅಂಗಡಿಯ ಒಳಾಂಗಣ ಹೊಸದು ಮಾಡಿಸುವಾಗ ಎಂಥ ಲೈಟು ಹಾಕಿಸಲಿ ಅಂತ ಕೇಳಿದ್ದೆ, ಅಲ್ವಾ? ಕೆಲಸ ಮುಗಿಯಿತು. ಚಿನ್ನದ ಕೌಂಟರಿಗೆ 3000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಹಳದಿ ಛಾಯೆಯ ಲೈಟು, ವಜ್ರ ಮತ್ತು ಸ್ಟೀಲ್ ವಾಚುಗಳಿಗೆ 4000ದ ಇನ್ನಷ್ಟು ಬಿಳಿ ಲೈಟು. ಬಣ್ಣ ಇದ್ದ ಹಾಗೇ ಕಾಣಲಿ ಅಂತ ಎಲ್ಲವೂ ಸಿಆರ್‌ಐ (ಲೈಟಿನಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣುತ್ತದೆ ಅನ್ನೋ ಅಳತೆ, ಗರಿಷ್ಠ 100) 90ಕ್ಕಿಂತ ಜಾಸ್ತಿ. ಮುಂಚೆ ಎಲ್ಲ ಕಡೆ ಒಂದೇ ಬಿಳಿ ಲೈಟಿದ್ದಾಗ ಚಿನ್ನ ಬಿಳಿಚಿಕೊಂಡಿತ್ತು.

ತಲೆನೋವಾಗಿದ್ದು ವಾಚಿನ ಶೋಕೇಸು. ನೇರ ಮೇಲಿಂದ ಬಿದ್ದ ಬೆಳಕು ಗಾಜಿನಲ್ಲಿ ಹೊಳೆದು ಡಯಲ್ಲೇ ಕಾಣುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಲೈಟನ್ನು ಮುಂದಕ್ಕೆ ತಂದು ಸ್ವಲ್ಪ ಓರೆ ಮಾಡಿದರು. ಈಗ ಸೆಕೆಂಡಿನ ಮುಳ್ಳೂ ಕಾಣುತ್ತದೆ! ಬಡಗಿ ಡ್ರಾಯರಿಗೆ ಮ್ಯಾಗ್ನೆಟ್ ಹಾಕ್ತೀನಿ ಅಂದರು, ಬೇಡ ಅಂದೆ. ಆಟೋಮ್ಯಾಟಿಕ್ ವಾಚಿನ ಟೈಮು ಕೆಡುತ್ತದೆ. ಅಪ್ಪ ಹಳೇ ತೇಗದ ಗಲ್ಲಾಪೆಟ್ಟಿಗೆ ತೆಗೆಯೋಕೆ ಸುತರಾಂ ಒಪ್ಪಲಿಲ್ಲ. ಪಾಲಿಶ್ ಹೊಡೆಸಿದ್ದೇವೆ. ಎಸಿ ಒಂದು ಬಾಕಿ.