ಜನರ ಗದ್ದಲಕ್ಕೆ ಹಕ್ಕಿಗಳು ಮರಿ ಬಿಟ್ಟು ಹೋಗುತ್ತವಾ?

ತುಂಗಾತೀರ: ಹೋದ ಭಾನುವಾರ ತುಂಗಾ ಹೊಳೆಯ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿದ್ದೆ. ಹಾರುವ ಹಕ್ಕಿಯ ಫೋಟೊ ಬೇಕು ಅಂತ ಯಾರೋ ಗೂಡುಗಳ ಕಡೆ ಜೋರಾಗಿ ಚಪ್ಪಾಳೆ ತಟ್ಟಿದರು. ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಒಂದು ಗೂಡಲ್ಲಿ ಮೂರು ಮರಿ, ರೆಕ್ಕೆ ಇನ್ನೂ ಬಲಿತಿಲ್ಲ, ಕತ್ತು ಚಾಚಿ ಬಾಯಿ ತೆರೆದುಕೊಂಡು ಕೂತಿದ್ದವು. ತಾಯಿ ಬರಲು ಹತ್ತು ನಿಮಿಷವಾಯಿತು. ದಿನಾ ಹೀಗಾದರೆ ಮರಿಗಳನ್ನು ಬಿಟ್ಟೇ ಹೋಗುತ್ತವಾ?

ಕೆರೆದಂಡೆ: ಒಂದೇ ಸಲಕ್ಕೆ ಬಿಟ್ಟು ಹೋಗಲ್ಲ. ತೊಂದರೆಯೆಲ್ಲ ಆ ಹತ್ತು ನಿಮಿಷದಲ್ಲೇ ಇದೆ. ಮೊಟ್ಟೆಗೆ ಕಾವು ತಪ್ಪುತ್ತದೆ, ಕಾಗೆ, ಹದ್ದು ಕಾಯುತ್ತಾ ಇರುತ್ತವೆ, ಹೆದರಿದ ಮರಿ ಕಾಲು ಜಾರಿದರೆ ಕೆಳಗೆ ತುಂಬಿದ ಹೊಳೆ. ಅವು ಗೂಡು ಕಟ್ಟುವುದು ಮಳೆಗಾಲದಲ್ಲಿ, ನಾವು ಹೋಗುವುದೂ ಆಗಲೇ ಅಲ್ವಾ?

ಸೊರಬದವಳು: ಹಕ್ಕಿ ಮಾತ್ರ ಅಲ್ಲ. ಕೀನ್ಯಾದ ಮಸಾಯಿ ಮಾರಾದ ಚೀತಾಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಪ್ರವಾಸಿಗರು ಜಾಸ್ತಿ ಇರುವ ಕಡೆ ತಾಯಿ ಒಂದು ಸೂಲಿಗೆ ಸರಾಸರಿ 0.2 ಮರಿ ಬೆಳೆಸಿತ್ತು, ಕಡಿಮೆ ಇರುವ ಕಡೆ 2.3. ಓದಿ ಹೊಟ್ಟೆ ಚುರುಕ್ ಅಂತು.

ಕಾಡುದಾರಿ: ಎಲ್ಲ ಪ್ರಾಣಿಗೂ ಒಂದೇ ಲೆಕ್ಕ ಹಾಕಬೇಡಿ. ಅಮೆರಿಕದ ಯೆಲ್ಲೋಸ್ಟೋನ್ ಸೀಮೆಯಲ್ಲಿ ಮೂಸ್ ಅನ್ನುವ ದೊಡ್ಡ ಜಿಂಕೆಗಳು ರಸ್ತೆ ಹತ್ತಿರವೇ ಮರಿ ಹಾಕುತ್ತವೆ, ಯಾಕೆಂದರೆ ಕರಡಿ ಅಲ್ಲಿಗೆ ಬರುವುದು ಕಡಿಮೆ. ಮಂಡಗದ್ದೆಯ ಹಕ್ಕಿಗಳೂ ತೀರ್ಥಹಳ್ಳಿ ರಸ್ತೆಯ ಲಾರಿ ಸದ್ದಿಗೆ ಒಗ್ಗಿವೆ. ತಟ್ಟನೆ ಬರುವ ಸದ್ದೇ ಕಷ್ಟ. ಮುಂದಿನ ಸಲ ಯಾರಾದರೂ ಚಪ್ಪಾಳೆ ತಟ್ಟಿದರೆ ಸುಮ್ನೆ ಇರಬೇಡಿ, ಅಲ್ಲೇ ತಡೆಯಿರಿ.