ಹಳೆ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲೋ, ಬಿಡಿಭಾಗ ತಂದು ಜೋಡಿಸಲೋ? ಅನುಭವ ಇದ್ದವರು ಹೇಳಿ

ಬಸವನಗುಡಿ ಬ್ಲೂಸ್:
ಕೈಯಲ್ಲಿ 60,000 ರೂಪಾಯಿ ಇದೆ. ದೊಡ್ಡಮ್ಮನ ಮಗ ಡಿಸೆಂಬರ್‌ನಲ್ಲಿ ಶಿಕಾಗೋದಿಂದ ಬರುತ್ತಿದ್ದಾನೆ. ಅವನ ಕೈಲಿ 60ರ ದಶಕದ ಹಾರ್ಮನಿ ಅಥವಾ ಸಿಲ್ವರ್‌ಟೋನ್ ಗಿಟಾರ್ ತರಿಸಬಹುದು. ಇಲ್ಲವೇ ಬಾಡಿ, ನೆಕ್ (ಉದ್ದನೆ ಹಿಡಿ), ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಬೇರೆ ಬೇರೆ ಕೊಂಡು ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಥರದ್ದೊಂದನ್ನು ನಾನೇ ಜೋಡಿಸಬಹುದು. ಸೋಲ್ಡರಿಂಗ್ ತಕ್ಕಮಟ್ಟಿಗೆ ಬರುತ್ತದೆ. ಎರಡರಲ್ಲಿ ಯಾವುದು?

ಇಲಿನಾಯ್ ಕನ್ನಡಿಗ:
ನಾನಿರುವುದು ಶಿಕಾಗೋದಿಂದ 40 ನಿಮಿಷ ದೂರ. ಹಾರ್ಮನಿ, ಕೇ, ವಾಲ್ಕೋ ಗಿಟಾರ್ ಕಂಪನಿಗಳೆಲ್ಲ ಈ ಊರಿನವೇ. ಸಿಲ್ವರ್‌ಟೋನ್ ಅನ್ನುವುದು ಸಿಯರ್ಸ್ ಅಂಗಡಿಯ ಹೆಸರು ಅಷ್ಟೇ. ಮಾಡಿಕೊಡುತ್ತಿದ್ದವರು ಹಾರ್ಮನಿ, ಕೇ, ಡಾನ್‌ಎಲೆಕ್ಟ್ರೋದವರು.

ಒಬ್ಬ ಅಜ್ಜ ತೀರಿಕೊಂಡ ಮೇಲೆ ಅವರ ಮನೆ ಸಾಮಾನು ಮಾರುತ್ತಿದ್ದರು. ಅಲ್ಲಿ 350 ಡಾಲರ್‌ಗೆ ನನಗೊಂದು ಸಿಕ್ಕಿತು. ಹೆಸರು ಬೇಡ. ಒಳಗಿನ ಪಾಟ್ (ದನಿ ಏರಿಳಿಸುವ ಗುಂಡಿಯ ಕೆಳಗಿನ ಬಿಡಿಭಾಗ) ಮೇಲೆ 137 6412 ಅಂತ ಇತ್ತು. 137 ಅಂದರೆ ಸಿಟಿಎಸ್ ಕಂಪನಿ, 64ನೇ ಇಸವಿ, 12ನೇ ವಾರ. ಅದು ಪಾಟ್ ತಯಾರಾದ ದಿನ, ಗಿಟಾರಿನದ್ದಲ್ಲ. ಗಿಟಾರ್ ಅದಕ್ಕಿಂತ ಹಳೆಯದಲ್ಲ ಅಂತ ಮಾತ್ರ ಗೊತ್ತಾಗುತ್ತದೆ, ಅದೂ ಪಾಟ್ ಬದಲಾಯಿಸದೆ ಇದ್ದರೆ.

ಆಮೇಲೆ ಶುರುವಾಯಿತು ಖರ್ಚು. ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಸಮ ಮಾಡಿಸಲು 180. ಹೊಸ ನಟ್‌ಗೆ (ನೆಕ್‌ನ ತಲೆ ಕಡೆ ತಂತಿ ಕೂರುವ ಗೀರಿನ ಪಟ್ಟಿ) 60. ಸತ್ತುಹೋಗಿದ್ದ ಒಂದು ಪಿಕಪ್‌ಗೆ ಮತ್ತೆ ತಂತಿ ಸುತ್ತಿಸಲು 95. ಗಟ್ಟಿ ಪೆಟ್ಟಿಗೆ 110. ಒಟ್ಟು 795 ಡಾಲರ್, ಮತ್ತೆ ಎರಡು ತಿಂಗಳ ಕಾಯುವಿಕೆ. ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆದರೂ ಆ ದನಿ ಇವತ್ತಿನ ಯಾವ ಹೊಸ ಗಿಟಾರಿನಲ್ಲೂ ನಾನು ಕೇಳಿಲ್ಲ. ಹಳೆಯದನ್ನೇ ತಗೊಳ್ಳಿ.

ಮಲ್ನಾಡ್ ತಂತಿ:
795 ಡಾಲರ್ ಕೊಟ್ಟು ಬೇರೆಯವರ ಕೈಲಿ ರಿಪೇರಿ ಮಾಡಿಸಿದ ಕಥೆ ಅದು. ನಾನು ನನ್ನ ಕೈಯಾರೆ ಮಾಡಿದ್ದನ್ನು ಹೇಳುತ್ತೇನೆ.

ನಮ್ಮ ಹಳೆ ಮನೆ ಕೆಡವಿದಾಗ ಹಲಸಿನ ಹಲಗೆ ಸಿಕ್ಕಿತು. ಅಜ್ಜನ ಕಾಲದ್ದು, ಚೆನ್ನಾಗಿ ಒಣಗಿತ್ತು. ವೀಣೆಗೆ ಆಗುವ ಮರ ಗಿಟಾರ್‌ಗೆ ಯಾಕಾಗಬಾರದು ಅಂತ ಅದರಲ್ಲೇ ಬಾಡಿ ಕೊರೆಸಿದೆ. ಬಡಗಿಗೆ 2,500. ಹೊರದೇಶದಿಂದ ತರಿಸಿದ ನೆಕ್ ಸುಂಕ ಸೇರಿ 17,800. ಪಿಕಪ್ 9,200. ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) 3,400. ಪಾಟ್, ಸ್ವಿಚ್, ಜಾಕ್, ವೈರು 2,150. ಲ್ಯಾಕರ್, ಮರಳು ಕಾಗದ 1,900. ಕೊನೆಗೆ ಫ್ರೆಟ್ ಕೆಲಸಕ್ಕೆ 4,000. ಒಟ್ಟು 40,950 ರೂಪಾಯಿ. ಹಲಗೆ ಪುಕ್ಕಟೆ ಅನ್ನುವುದು ಮರೆಯಬೇಡಿ.

ನೆಕ್ ಕೂರುವ ಗುಂಡಿ 56 ಮಿಲಿಮೀಟರ್ ಅಗಲ ಇರಬೇಕಿತ್ತು. ಬಡಗಿ 58 ಮಾಡಿಟ್ಟ. ಎರಡೂ ಪಕ್ಕ ವೆನಿಯರ್ (ತೆಳು ಮರದ ಹಾಳೆ) ಚೂರು ಅಂಟಿಸಿ ಬಿಗಿ ಮಾಡಿದೆ. ಆದರೆ ಬ್ರಿಡ್ಜ್ ಜಾಗ ನಾನೇ ಅಳೆದೆ. ನಟ್‌ನಿಂದ 12ನೇ ಫ್ರೆಟ್‌ಗೆ 324 ಮಿಲಿಮೀಟರ್, ಅಲ್ಲಿಂದ ಬ್ರಿಡ್ಜ್‌ಗೆ ಮತ್ತೆ ಅಷ್ಟೇ, ಜೊತೆಗೆ ಶ್ರುತಿ ಸರಿಮಾಡಲು ಸ್ಯಾಡಲ್ (ಬ್ರಿಡ್ಜ್‌ನಲ್ಲಿ ತಂತಿ ತಾಗುವ ತುಂಡು) ಹಿಂದೆ ಸರಿಯುವಷ್ಟು ಜಾಗ. ಇಲ್ಲಿ ತಪ್ಪಿದರೆ ಎಷ್ಟು ದುಬಾರಿ ನೆಕ್ ಹಾಕಿದರೂ ಶ್ರುತಿ ಕೂರುವುದಿಲ್ಲ.

ಆಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಹೊಡೆದದ್ದು ಜುಲೈನಲ್ಲಿ, ನಮ್ಮ ತೀರ್ಥಹಳ್ಳಿ ಮಳೆಯಲ್ಲಿ. ಗಾಳಿಯ ತೇವಕ್ಕೆ ಪೂರ್ತಿ ಹಾಲಿನ ಹಾಗೆ ಬೆಳ್ಳಗಾಯಿತು. ಉಜ್ಜಿ ತೆಗೆದೆ, ಮತ್ತೆ ಹೊಡೆದೆ, ಮತ್ತೆ ಬೆಳ್ಳಗೆ. ಮೂರನೇ ಸಲ ನವೆಂಬರ್‌ವರೆಗೆ ಕಾದು ಹೊಡೆದೆ. ಈಗ ಜೇನಿನ ಬಣ್ಣ. ತೂಕ 4.7 ಕೆಜಿ. ಒಬ್ಬರು 14,000ಕ್ಕೆ ಕೇಳಿದರು. ಕೊಡಲಿಲ್ಲ, ಕೊಡುವುದೂ ಇಲ್ಲ.

ಕರಾವಳಿ ಕಾರ್ಡ್ಸ್:
ಹಲಸಿನ ಮಾತು ಬಿಡಿ ಮಾರಾಯ್ರೆ. ವೀಣೆಯ ಕೊಡ ಟೊಳ್ಳು, ಅಲ್ಲಿ ಮರವೇ ಮಾತಾಡುವುದು. ಇದು ಗಟ್ಟಿ ಹಲಗೆ. ಪಿಕಪ್ ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ಡಾನ್‌ಎಲೆಕ್ಟ್ರೋದವರು ಮ್ಯಾಸೊನೈಟ್ ಅನ್ನುವ ಒತ್ತಿದ ರಟ್ಟಿನಂಥ ಹಲಗೆಯಲ್ಲಿ ಗಿಟಾರ್ ಮಾಡಿದರು, ಲಿಪ್‌ಸ್ಟಿಕ್ ಕೊಳವೆಯೊಳಗೆ ಪಿಕಪ್ ಕೂರಿಸಿದರು. ಅದರ ದನಿಗೆ ಜನ ಇವತ್ತಿಗೂ ಸಾಯುತ್ತಾರೆ.

ನಾನು ಕೊಂಡದ್ದು 60ರ ದಶಕದ ಒಂದು ಜಪಾನಿ ಗಿಟಾರ್, ಗೋಲ್ಡ್ ಫಾಯಿಲ್ (ಮುಚ್ಚಳದಲ್ಲಿ ಬಂಗಾರದ ಬಣ್ಣದ ಹಾಳೆ ಇರುವ) ಪಿಕಪ್‌ನದ್ದು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ತನ್ನ ಸ್ಟ್ರಾಟ್‌ಗೆ ಜಪಾನಿನ ಟೈಸ್ಕೋ ಕಂಪನಿಯ ಗೋಲ್ಡ್ ಫಾಯಿಲ್ ಹಾಕಿಕೊಂಡ ಮೇಲೆ ಎಲ್ಲರಿಗೂ ಅದೇ ಬೇಕು. ಮಾರಿದವನು ನೆಕ್ ನೇರ ಇದೆ ಎಂದು ಫೋಟೋ ಕಳಿಸಿದ. 32,000 ಕೊಟ್ಟೆ. ಮಂಗಳೂರಿಗೆ ಬಂದಾಗ ತಂತಿ 12ನೇ ಫ್ರೆಟ್‌ನಿಂದ 5 ಮಿಲಿಮೀಟರ್ ಮೇಲಿತ್ತು. ತಿರುಗಿಸೋಣ ಎಂದರೆ ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡುವ ಸರಳು) ಇಲ್ಲ, ಒಳಗೆ ಬರೀ ಉಕ್ಕಿನ ಪಟ್ಟಿ. ನೆಕ್ ಬಿಸಿ ಮಾಡಿ ಒತ್ತಿಸಿ, ಹೊಸ ಫ್ರೆಟ್ ಹಾಕಿಸಲು 11,500. ರಿಪೇರಿಯವನ ಹತ್ತಿರ ಏಳು ತಿಂಗಳು ಕೂತಿತ್ತು. ವಾಪಸ್ ಬಂದಾಗ ಪಿಕಪ್‌ನ ಒಂದು ಸ್ಕ್ರೂ ಕಾಣೆ. ಆ ಅಳತೆಯ ಸ್ಕ್ರೂ ಎಲ್ಲೂ ಸಿಗುವುದಿಲ್ಲ. ಮೊದಲ ಮಳೆಗಾಲಕ್ಕೇ ಬ್ರಿಡ್ಜ್ ತುಕ್ಕು ಹಿಡಿಯಿತು. ಹಳೆಯದು ಕೊಳ್ಳಬೇಡಿ. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಇಲಿನಾಯ್ ಕನ್ನಡಿಗ:
ಫೋಟೋ ನೋಡಿ ಕೊಂಡದ್ದು ನಿಮ್ಮ ತಪ್ಪು, ಗಿಟಾರಿನದ್ದಲ್ಲ. ಕೆಲವು ಹಾರ್ಮನಿಗಳ ತಲೆಯ ಮೇಲೇ ‘ಸ್ಟೀಲ್ ರಿಇನ್‌ಫೋರ್ಸ್ಡ್ ನೆಕ್’ ಎಂದು ಅಚ್ಚು ಹಾಕಿರುತ್ತಾರೆ. ಹಾಗೆಂದರೆ ತಿರುಗಿಸುವ ರಾಡ್ ಇಲ್ಲ ಅಂತ. ಇದು ಕೊಳ್ಳುವ ಮೊದಲು ಗೊತ್ತಿರಬೇಕಾದ ವಿಷಯ.

ಕರಾವಳಿ ಕಾರ್ಡ್ಸ್:
ನಿಮ್ಮ ಮನೆ ಹತ್ತಿರ ಮುಟ್ಟಿ ನೋಡಿ ಕೊಳ್ಳಲು ಸಿಗುತ್ತದೆ. ಇಲ್ಲಿರುವವರಿಗೆ ಫೋಟೋ ಬಿಟ್ಟರೆ ಬೇರೇನಿದೆ? ಅಲ್ಲಿ ಕೂತು ತಪ್ಪು ಹೇಳಬೇಡಿ.

ಮಲ್ನಾಡ್ ತಂತಿ:
ಮರದಿಂದ ಏನೂ ಆಗುವುದಿಲ್ಲ ಎನ್ನುವವರು ಒಮ್ಮೆ ಆಂಪ್ ಇಲ್ಲದೆ ನನ್ನದನ್ನು ನುಡಿಸಿ ನೋಡಲಿ. ಎದೆಗೆ ತಾಗುತ್ತದೆ.

ಇನ್ನೊಂದು ನೋವು ಇದೆ. ನಾನು ತರಿಸಿದ ನೆಕ್‌ನ ಫಿಂಗರ್‌ಬೋರ್ಡ್ (ಬೆರಳೊತ್ತುವ ಮೇಲಿನ ಪಟ್ಟಿ) ‘ಇಂಡಿಯನ್ ರೋಸ್‌ವುಡ್’. ಅಂದರೆ ನಮ್ಮ ಬೀಟೆ. ನಮ್ಮ ತೋಟದ ಅಂಚಿನಲ್ಲಿ ಎರಡು ಬೀಟೆ ಮರ ಇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಆ ಕಾನೂನು ಸರಿಯೇ, ಇಲ್ಲದಿದ್ದರೆ ಒಂದು ಮರವೂ ಉಳಿಯುತ್ತಿರಲಿಲ್ಲ. ಆದರೂ ಅದೇ ಜಾತಿಯ ಮರದ ಅರ್ಧ ಸೆಂಟಿಮೀಟರ್ ಪಟ್ಟಿಗೆ ಸುಂಕ ಕಟ್ಟಿ ಬಿಡಿಸಿಕೊಂಡ ದಿನ ತುಂಬಾ ಬೇಜಾರಾಯಿತು.

ಧಾರವಾಡ ರಿದಮ್:
ಬೀಟೆ ಮಾತು ಬಂತಲ್ಲ, ಒಂದು ಕೆಲಸದ ವಿಷಯ ಹೇಳುತ್ತೇನೆ. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವನ್ನೇ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದ್ದರು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆದರೆ ಬ್ರೆಜಿಲ್ ರೋಸ್‌ವುಡ್‌ಗೆ ಆ ವಿನಾಯಿತಿ ಇಲ್ಲ, 1992ರಿಂದಲೂ ಬಿಗಿ. 60ರ ದಶಕದ ಅಮೆರಿಕನ್ ಗಿಟಾರ್‌ಗಳಲ್ಲಿ ಅದು ಇರಬಹುದು. ಕೇಳಿಯೇ ತರಿಸಿ.

ನನ್ನ ಕಥೆ ಎರಡಕ್ಕೂ ಸೇರುವುದಿಲ್ಲ. ಅಪ್ಪ 1990ರಲ್ಲಿ ಕೊಡಿಸಿದ ಕೋಲ್ಕತ್ತದ ಗಿಟಾರ್ ಅಟ್ಟದಲ್ಲಿತ್ತು. ಬಾಡಿ, ನೆಕ್ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಬದಲಾಯಿಸಿದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ 250ಕೆ (ಕಿಲೋ ಓಮ್) ಪಾಟ್ ಬದಲು ಗೊತ್ತಿಲ್ಲದೆ 500ಕೆ ಹಾಕಿದ್ದೆ. ದನಿ ಕಿವಿಗೆ ಚುಚ್ಚುತ್ತಿತ್ತು. ಮೂರು ವಾರ ಪಿಕಪ್ ಕೆಟ್ಟಿದೆ ಎಂದುಕೊಂಡೆ. ಗುಂಯ್ ಶಬ್ದಕ್ಕೆ ಬ್ರಿಡ್ಜ್‌ನ ಗ್ರೌಂಡ್ ವೈರು ಕಾರಣ, ಪೇಂಟ್ ಮೇಲೆ ಕೂತಿತ್ತು, ಲೋಹಕ್ಕೆ ತಾಗಿರಲಿಲ್ಲ. 13,600 ರೂಪಾಯಿಯಲ್ಲಿ ಮುಗಿಯಿತು. ಅಪ್ಪ ಈಗಿಲ್ಲ. ಆ ಗಿಟಾರ್ ಇದೆ.

ಇಲಿನಾಯ್ ಕನ್ನಡಿಗ:
ಭಾವನೆ ಬೇರೆ, ಬೆಲೆ ಬೇರೆ. ಜೋಡಿಸಿದ ಗಿಟಾರ್‌ಗೆ ಮಾರುವಾಗ ಬೆಲೆ ಸಿಗುವುದಿಲ್ಲ. 40,950ರ ಗಿಟಾರನ್ನು 14,000ಕ್ಕೆ ಕೇಳಿದರು ಎಂದು ಮಲ್ನಾಡಿನವರೇ ಬರೆದಿದ್ದಾರೆ.

ಮಲ್ನಾಡ್ ತಂತಿ:
ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ರ ಬ್ಲ್ಯಾಕಿ ಎಂಬ ಗಿಟಾರ್ ಏನು ಹಾಗಾದರೆ? 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಆರು ಹಳೆ ಸ್ಟ್ರಾಟ್ ಕೊಂಡರು. ಮೂರನ್ನು ಗೆಳೆಯರಿಗೆ ಕೊಟ್ಟರು. ಉಳಿದ ಮೂರರ ಭಾಗ ಸೇರಿಸಿ ಒಂದು ಮಾಡಿಸಿದರು. 2004ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 9,59,500 ಡಾಲರ್. ಜೋಡಿಸಿದ್ದೇ ಅಲ್ವಾ ಅದು?

ಇಲಿನಾಯ್ ಕನ್ನಡಿಗ:
ಜೋಡಿಸಿದ್ದು 50ರ ದಶಕದ ಭಾಗಗಳಿಂದ! ಹಲಸಿನ ಹಲಗೆಯಿಂದಲ್ಲ. ನೀವು ನನ್ನ ಮಾತನ್ನೇ ಗಟ್ಟಿ ಮಾಡಿದಿರಿ.

ಮಲ್ನಾಡ್ ತಂತಿ:
ರಾಕ್ ವಾದಕ ಎಡ್ಡಿ ವ್ಯಾನ್ ಹೇಲನ್‌ರ ಗಿಟಾರ್? 50 ಡಾಲರ್ ಬಾಡಿ, 80 ಡಾಲರ್ ನೆಕ್. ಹೊಸ ಬಿಡಿಭಾಗಗಳೇ.

ಕರಾವಳಿ ಕಾರ್ಡ್ಸ್:
ಅದರ ಪಿಕಪ್ ಹಳೆ ಗಿಬ್ಸನ್ ಗಿಟಾರಿನಿಂದ ಕಿತ್ತದ್ದು. ನಾನು ಹೇಳಿದ್ದು ಅದೇ. ಪಿಕಪ್ ಮುಖ್ಯ, ಮರ ಅಲ್ಲ.

ಬಸವನಗುಡಿ ಬ್ಲೂಸ್:
ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಒಂದು ಗಿಟಾರ್ ಸಿಕ್ಕಿದೆಯಂತೆ, 420 ಡಾಲರ್. ನೆಕ್ ನೇರ ಇದೆಯೋ ಎಂದು ಅವನು ಹೇಗೆ ನೋಡಬೇಕು? ಅವನಿಗೆ ನುಡಿಸಲು ಬರುವುದಿಲ್ಲ.

ಧಾರವಾಡ ರಿದಮ್:
ಆರನೇ ತಂತಿಯನ್ನು (ಎಲ್ಲಕ್ಕಿಂತ ದಪ್ಪದ್ದು) ಮೊದಲನೇ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಲಿ. ನಡುವೆ, 7ನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ವಿಸಿಟಿಂಗ್ ಕಾರ್ಡ್‌ನಷ್ಟು ಸಂದಿ ಇದ್ದರೆ ಸರಿ. ನಾಲ್ಕೈದು ಕಾರ್ಡ್ ಹೋಗುತ್ತದೆ ಎಂದರೆ ಬಾಗಿದೆ. ಮೊದಲನೇ ತಂತಿಗೂ (ಎಲ್ಲಕ್ಕಿಂತ ತೆಳ್ಳಗಿನದು) ಹಾಗೇ ನೋಡಲಿ. ಎರಡು ಕಡೆ ಬೇರೆ ಬೇರೆ ಬಂದರೆ ನೆಕ್ ತಿರುಚಿಕೊಂಡಿದೆ, ಅದನ್ನು ಅಲ್ಲೇ ಬಿಟ್ಟು ಬರಲಿ. ಸ್ಕ್ರೂ ಹಾಕಿದ ನೆಕ್ ಆದರೆ ಬಿಚ್ಚಿ ಸೂಟ್‌ಕೇಸ್‌ನಲ್ಲೇ ತರಬಹುದು. ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಲು ಹೇಳಿ.

ಕರಾವಳಿ ಕಾರ್ಡ್ಸ್:
ಪಿಕಪ್‌ನ ಸ್ಕ್ರೂಗಳನ್ನೂ ಎಣಿಸಲು ಹೇಳಿ.

ಮಲ್ನಾಡ್ ತಂತಿ:
ನನ್ನ ಹತ್ತಿರ ಇನ್ನೊಂದು ಹಲಸಿನ ಹಲಗೆ ಉಳಿದಿದೆ, 45 ಮಿಲಿಮೀಟರ್ ದಪ್ಪ. ಬೇಕಾದರೆ ಹೇಳಿ, ಬಸ್ಸಿಗೆ ಹಾಕಿ ಕಳಿಸುತ್ತೇನೆ.